ನೀನು ಕೇಳಿದ ಆ ಒಂದು ಪ್ರಶ್ನೆ

ಗೆಳತಿ ರೇಣುಕಾ,

ನೀನು ಹೋಗಿ ಎಂಟು ತಿಂಗಳಾಯಿತು. ಬುಧವಾರದ ನಮ್ಮ ಚರ್ಚಾಗುಂಪು ಇನ್ನೂ ನಡೆಯುತ್ತಿದೆ. ಇತಿಹಾಸ ವಿಭಾಗದ ಹಿಂದಿನ ಅದೇ ಬೇವಿನ ಕಟ್ಟೆ, ಅದೇ ಐದು ಜನ... ಅಲ್ಲ, ನಾಲ್ಕು. ಒಬ್ಬರು ಕಾಲು ಗಂಟೆ ಪ್ರಬಂಧ ಮಂಡಿಸಬೇಕು, ಉಳಿದವರೆಲ್ಲ ಒಂದೊಂದು ಪ್ರಶ್ನೆ ಕೇಳಲೇಬೇಕು. ಆ ನಿಯಮ ಮಾಡಿದವಳು ನೀನೇ ಅಲ್ಲವೇ?

ಮೊದಲ ಸೆಮಿಸ್ಟರಿನಲ್ಲಿ ನಾನು ಎದ್ದು ನಿಂತ ದಿನ ನೆನಪಿದೆಯೇ? ಸಿರುಗುಪ್ಪದಿಂದ ಬಂದ ಹೊಸತು, ಹಾಳೆಯಿಂದ ಕಣ್ಣೆತ್ತದೆ ಓದುತ್ತಿದ್ದೆ. ನೀನು ಕುಳಿತಲ್ಲಿಂದಲೇ ಹೇಳಿದೆ, "ಹಾಳಿ ಕೆಳಗ ಇಡಲೇ ಮಾದೇವಿ. ಹಾಸ್ಟೆಲ್‌ನ್ಯಾಗ ನನಗ ಹೇಳಿದ್ಯಲ್ಲ, ಹಂಗ ಹೇಳು." ಹಾಗೇ ಹೇಳಿದೆ. ಮಾತು ಬಂತು.

ಸಂಗನಕಲ್ಲಿನ ಶಿಲಾಯುಗದ ಕಲ್ಲುಕೊಡಲಿಗಳ ಬಗ್ಗೆ ಹನ್ನೆರಡು ಪುಟ ಬರೆದು ತಂದ ದಿನ ನಮಗೆ ಪಾಠ ಮಾಡುವ ಸರ್ ಕೂಡ ಬಂದಿದ್ದರು. ಎಲ್ಲರೂ ಚೆನ್ನಾಗಿದೆ ಎಂದರು. ನೀನು ಮಾತ್ರ ಕೇಳಿದೆ, "ನೀ ಒಮ್ಮೆರ ಅಲ್ಲಿಗೆ ಹೋಗಿ ನೋಡೀಯೇನು?" ಬಳ್ಳಾರಿ ಪಕ್ಕದ ಊರು. ನಾನು ಹೋಗಿರಲಿಲ್ಲ. ಎಲ್ಲರೂ ನಕ್ಕರು. ಅಂದಿನಿಂದ ನಿನ್ನೊಡನೆ ಮಾತು ಬಿಟ್ಟೆ.

ವಾರ ಕಳೆದು ಒಂದು ಬೆಳಿಗ್ಗೆ ನೀನು ಕೋಣೆಯ ಬಾಗಿಲಲ್ಲಿ ನಿಂತು, "ಜ್ವರ ಬಂದಾವ, ಕುರುಗೋಡಿಗೆ, ಮನಿಗೆ ಹೋಗಿ ಬರ್ತೀನಿ" ಎಂದೆ. ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. ಡೆಂಗಿ ಎಂದು ಗೊತ್ತಾಗಿ ನಿನ್ನನ್ನು ಬಳ್ಳಾರಿಯ ಆಸ್ಪತ್ರೆಗೆ ತಂದಾಗ ಓಡಿ ಬಂದೆ. ಅಷ್ಟರಲ್ಲಿ...

ನಿನ್ನನ್ನು ಮಣ್ಣು ಮಾಡಿ ಬಂದ ಮರುವಾರ ಒಬ್ಬಳೇ ಸಂಗನಕಲ್ಲಿಗೆ ಹೋದೆ. ಬಂಡೆಯ ಮೇಲೆ, ಆ ಕಾಲದ ಜನ ಕೊಡಲಿ ಉಜ್ಜಿ ಉಜ್ಜಿ ನುಣುಪಾದ ತಗ್ಗುಗಳಿದ್ದವು. ನನ್ನ ಹನ್ನೆರಡು ಪುಟಗಳಲ್ಲಿ ಅವುಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ಅಲ್ಲೇ ಕೂತು ಅತ್ತೆ. ನೀನು ನನ್ನ ಮರ್ಯಾದೆ ತೆಗೆಯಲಿಲ್ಲ, ಪ್ರಬಂಧವನ್ನು ಉಳಿಸಲು ನೋಡಿದ್ದೆ. ಇದನ್ನು ನಿನ್ನ ಮುಂದೆ ಹೇಳುವುದು ಇನ್ನು ಯಾವಾಗ?

ಕಳೆದ ತಿಂಗಳು ವಿಭಾಗದ ಸೆಮಿನಾರಿನಲ್ಲಿ ಹೊಸದಾಗಿ ಬರೆದದ್ದನ್ನು ಮಂಡಿಸಿದೆ. ನಿನ್ನ ಹೆಸರು ಹೇಳಿ, ನಿನ್ನ ಪ್ರಶ್ನೆಯಿಂದಲೇ ಶುರು ಮಾಡಿದೆ. ನಿಮ್ಮಪ್ಪನಿಗೂ ಬರಲು ಫೋನ್ ಮಾಡಿದ್ದೆ. ಗಾರೆ ಕೆಲಸ ಬಿಟ್ಟು ಬಂದು, ಕೊನೆಯ ಬೆಂಚಿನಲ್ಲಿ ಟವೆಲ್ ಮಡಿಲಲ್ಲಿಟ್ಟುಕೊಂಡು ಪೂರ್ತಿ ಕೇಳಿದರು.

ಎಲ್ಲರೂ ಹೋದ ಮೇಲೆ ಹತ್ತಿರ ಬಂದರು. "ನಮ್ಮ ರೇಣಿನೂ ಹಿಂಗ ನಿಂತು ಮಾತಾಡ್ತಿದ್ಲೇನವಾ?"

"ನನಗಿಂತ ಚಲೋ ಮಾತಾಡ್ತಿದ್ಲು, ಕಾಕಾ."

"ಎಲ್ಲಿ ನಿಲ್ತಿದ್ಲು?"

ಸೆಮಿನಾರುಗಳಲ್ಲಿ ನೀನು ನಿಲ್ಲುತ್ತಿದ್ದ, ಮೇಜಿನ ಪಕ್ಕದ ಜಾಗ ತೋರಿಸಿದೆ. ಅವರು ಚಪ್ಪಲಿ ಬಿಟ್ಟು ಹೋಗಿ, ಖಾಲಿ ಬೆಂಚುಗಳ ಕಡೆ ಮುಖ ಮಾಡಿ, ಬಹಳ ಹೊತ್ತು ಅಲ್ಲಿ ನಿಂತರು.

ನಿನ್ನ,
ಮಾದೇವಿ