ಅಂಗಡಿಯ ಹಿಂಬಾಗಿಲಲ್ಲಿ ಸಿಕ್ಕ ಸಮುದ್ರ

ವಿಹಾರ ಹಡಗಿನ ಪ್ರಯಾಣಿಕರನ್ನು ದಡಕ್ಕಿಳಿಸಿ ಊರು ತೋರಿಸುವ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಲಂಕೆಯ ಬಂದರಿನಿಂದ ಹಡಗು ಹೊರಟ ಸಂಜೆ ತಾವು ಮೈಕು ಹಿಡಿದು, ಊಟದ ಕೋಣೆಯಿಂದ ಮೇಲಿನ ಈಜುಕೊಳದವರೆಗೆ ಎಲ್ಲರಿಗೂ ಕೇಳಿಸುವಂತೆ, “ಮೂವರು ಮಹಿಳೆಯರ ಅಶಿಸ್ತಿನಿಂದಾಗಿ ಹಡಗು ತಡವಾಗಿ ಹೊರಡುತ್ತಿದೆ, ಉಳಿದ ಪ್ರಯಾಣಿಕರು ಕ್ಷಮಿಸಬೇಕು” ಎಂದು ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಹಿಂದಿಯಲ್ಲಿ ಸಾರಿದಿರಿ. ಕನ್ನಡದಲ್ಲಿ ಸಾರಲಿಲ್ಲ. ಬೈಸಿಕೊಂಡ ನಾವು ಮೂವರೂ ಚನ್ನಪಟ್ಟಣದ ಕಡೆಯವರಾದ್ದರಿಂದ, ತಮ್ಮ ಬೈಗುಳವನ್ನು ನಮ್ಮತ್ತೆಗೆ ಕನ್ನಡ ಮಾಡಿ ಹೇಳುವ ಕೆಲಸವೂ ನನ್ನ ತಲೆಗೇ ಬಂತು. ತಾವು ಮೈಕಿನಲ್ಲಿ ಹೇಳಿದ್ದಕ್ಕೆ ನಾನು ಪತ್ರಿಕೆಯಲ್ಲಿ ಉತ್ತರ ಕೊಡುತ್ತಿದ್ದೇನೆ. ನನ್ನ ದೂರು ಇಷ್ಟೇ: ಸಮುದ್ರದ ಮೇಲೆ ನಮ್ಮನ್ನು ಹೊತ್ತುಕೊಂಡು ಹೋಗಿ, ಸಮುದ್ರ ತೀರದ ಊರಿನಲ್ಲೇ ಇಳಿಸಿ, ಸಮುದ್ರವೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ತೋರಿಸುವ ಕಾರ್ಯಕ್ರಮ ಹಾಕಿದವರು ತಾವು. ಹಾಗಿರುವಾಗ ಅಶಿಸ್ತು ಯಾರದು? ಕೋಪದಿಂದಲೇ ಬರೆಯಲು ಕೂತಿದ್ದೇನೆ, ಆದರೆ ಆ ದಿನ ನೆನಪಾದಾಗಲೆಲ್ಲ ನಗು ಬಂದು ಪೆನ್ನು ಅಲ್ಲಾಡುತ್ತದೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೂ ತಾವೇ ಹೊಣೆ.

ಮೊದಲು ನಾವು ಯಾರೆಂದು ಹೇಳಿಬಿಡುತ್ತೇನೆ. ಚನ್ನಪಟ್ಟಣದ ಹಳೇ ಹೆದ್ದಾರಿಯಲ್ಲಿ ನನ್ನದೊಂದು ಬೊಂಬೆ ಅಂಗಡಿ ಇದೆ; ಅದರ ಮಗ್ಗುಲಿಗೇ ದಿಲ್ಶಾದಕ್ಕನ ಅಂಗಡಿ. ಗಿರಾಕಿ ಬಂದಾಗ ನಾವಿಬ್ಬರೂ ಹುಟ್ಟಾ ವೈರಿಗಳು, ಗಿರಾಕಿ ಹೋದಮೇಲೆ ಒಂದು ಟೀಯನ್ನು ಎರಡು ಲೋಟ ಮಾಡಿ ಕುಡಿಯುವವರು. ಮೂರನೆಯವರು ನಮ್ಮತ್ತೆ ಬೈರಮ್ಮ, ಬೈರಾಪಟ್ಟಣದ ಬೇಸಾಯದ ಮನೆಯವರು. ಈಗ ನಮ್ಮ ಅಂಗಡಿ ಬಾಗಿಲಲ್ಲಿ ಒಂದು ಸ್ಟೂಲು ಹಾಕಿಕೊಂಡು ಅಲ್ಲಿಂದಲೇ ರಾಜ್ಯಭಾರ ಮಾಡುತ್ತಾರೆ. ತಮ್ಮ ಜಾಹೀರಾತಿನಲ್ಲಿ ಅಲೆಗೆ ಕಾಲು ಕೊಟ್ಟು ನಗುತ್ತಾ ನಿಂತ ಹೆಂಗಸೊಬ್ಬಳ ಚಿತ್ರವಿತ್ತಲ್ಲ, ಅದನ್ನು ನೋಡಿ ನಮ್ಮತ್ತೆ “ನಾನೂ ಹಿಂಗ್ ನಿಂತ್ಕಬೇಕು” ಅಂದರು. ಜೀವಮಾನದಲ್ಲಿ ನನ್ನನ್ನು ಏನೂ ಕೇಳದ ಅತ್ತೆ! ನನ್ನ ಗಂಡ ಜಯಕುಮಾರ್ ಎರಡೂ ಅಂಗಡಿ ನೋಡಿಕೊಳ್ಳುವುದಾಗಿ ಒಪ್ಪಿದರು, ನಾವು ಮೂವರೂ ಹಡಗು ಹಿಡಿಯಲು ಚೆನ್ನೈಗೆ ರೈಲು ಹತ್ತಿದೆವು. ಚೆನ್ನೈಯಲ್ಲೇ ಕಾಲು ನೆನೆಸಿಕೊಳ್ಳಬಹುದಿತ್ತಲ್ಲ ಎಂದು ಕೇಳಬೇಡಿ. ರೈಲು ತಡವಾಗಿ, ಸ್ಟೇಷನ್ನಿನಿಂದ ಸೀದಾ ಬಂದರಿಗೆ ಓಡಿ, ತಮ್ಮವರು ತೋರಿಸಿದ ಗೋಡೆಗಳ ನಡುವೆ ನಡೆದು ಹಡಗಿನೊಳಗೆ ಬಿದ್ದೆವು. ಹಡಗು ಹತ್ತಿದ್ದು ಗೊತ್ತಾಯಿತು, ನೀರು ಕಾಣಲಿಲ್ಲ.

ಹಡಗಿನ ಮೇಲಿನ ಸುಖದ ಬಗ್ಗೆ ನಾನು ಎರಡು ಮಾತಾಡುವುದಿಲ್ಲ. ಕೇಳಿದಷ್ಟು ಊಟ, ಕೇಳದಿದ್ದರೂ ಹಾಡು, ಬಾಗಿಲು ತೆಗೆದರೆ ಗುಡ್ ಮಾರ್ನಿಂಗು. ಆದರೆ ಸಮುದ್ರ? ಅದು ಏಳೆಂಟು ಮಹಡಿ ಕೆಳಗೆ! ಮೇಲಿನ ಈಜುಕೊಳದಲ್ಲಿ ನಲ್ಲಿ ನೀರು. ಸುತ್ತಲೂ ಇಷ್ಟು ದೊಡ್ಡ ಸಮುದ್ರ ಇಟ್ಟುಕೊಂಡು ನಲ್ಲಿ ನೀರಿನಲ್ಲಿ ಆಡುವ ಜನರನ್ನು ನಮ್ಮತ್ತೆ ಬಹಳ ಹೊತ್ತು ನೋಡಿದರು. ಆಮೇಲೆ ಕಂಬಿ ಹಿಡಿದು ಕೆಳಗೆ ಬಗ್ಗಿ ನನ್ನನ್ನು ಕರೆದರು. “ಇದ್ಯಾಕವ್ವ ಭಾನು, ಹಿಂಗ್ ಮಾಡ್ತಾವ್ರೆ? ನಮ್ ಕಣ್ವ ಹೊಳೆ ಶಿಂಷಾಕ್ ಹೋಯ್ತದೆ, ಶಿಂಷಾ ಕಾವೇರಮ್ಮನ್ ಜೊತೆ ಸೇರ್ಕತದೆ, ಕಾವೇರಮ್ಮ ಇಲ್ಲಿಗ್ ಬತ್ತಾಳೆ. ನಮ್ಮೂರ್ ಹೆಣ್ಣು ಕೊಟ್ಟಿರೋ ಮನೆ ಕಣೆ ಇದು. ಹೆಣ್ಣು ಕೊಟ್ಟ ಮನೇಗ್ ಬಂದ್ಬುಟ್ಟು, ಒಳೀಕ್ ಹೋಗ್ದೆ, ಮಾಳಿಗೆ ಮ್ಯಾಲ್ ನಿಂತು ಬಗ್ಗಿ ನೋಡ್ಬುಟ್ಟು ಹೋಗಕಾಯ್ತದಾ?”

ನಮ್ಮ ಕಡೆ ಕೊಟ್ಟ ಮಗಳನ್ನು ನೋಡಲು ಬರಿಗೈಯಲ್ಲಿ ಹೋಗುವುದಿಲ್ಲ. ಅಕ್ಕಿ, ಬೆಲ್ಲ, ಅರಿಶಿನ ಕುಂಕುಮ, ಬಳೆ ತೆಗೆದುಕೊಂಡು ಹೋಗಿ ಅವಳ ಮಡಿಲು ತುಂಬುತ್ತೇವೆ. ತುಂಬಿಸಿಕೊಂಡದ್ದರಲ್ಲಿ ಅವಳು ಒಂದಿಷ್ಟನ್ನು ತವರಿನವರ ಕೈಗೆ ವಾಪಸು ಹಾಕುತ್ತಾಳೆ. ಹಾಕಿದರೆ ಅವಳು ಅಲ್ಲಿ ಸುಖವಾಗಿದ್ದಾಳೆ ಎಂದರ್ಥ. ನಮ್ಮತ್ತೆ ಅದನ್ನೆಲ್ಲ ಸೀರೆ ಸೆರಗಿನಲ್ಲಿ ಗಂಟು ಕಟ್ಟಿಕೊಂಡೇ ತಮ್ಮ ಹಡಗು ಹತ್ತಿದ್ದರು. ಬಳೆ ಮಾತ್ರ ದಿಲ್ಶಾದಕ್ಕನ ಮನೆಯವು. ಅವಳ ತಮ್ಮ ಮುಕ್ತಿಯಾರ್ ಮರ ಕಡೆದು, ಅರಗಿನ ಬಣ್ಣ ಹಾಕಿ, “ಅಮ್ಮಾ, ಹೆಣ್ಣಿಗೆ ಬಳೆ ನಮ್ದು” ಎಂದು ತಾನೇ ತಂದುಕೊಟ್ಟಿದ್ದ. ಈ ಗಂಟನ್ನು ಬಿಚ್ಚದೆ ವಾಪಸು ಬೈರಾಪಟ್ಟಣಕ್ಕೆ ಹೊತ್ತುಕೊಂಡು ಹೋದರೆ ಆ ಜೀವಕ್ಕೆ ಹೇಗಾಗಬೇಡ? ತಾವೇ ಯೋಚಿಸಿ. ಅಥವಾ ತಮ್ಮ ಕಾರ್ಯಕ್ರಮದಲ್ಲಿ ಯೋಚನೆಗೆ ಸಮಯವಿಲ್ಲದಿದ್ದರೆ ಬಿಡಿ.

ಬಂದರಿನ ಊರು ಬಂತು. ಅದರ ಹೆಸರು ಇಲ್ಲಿ ಬರೆಯುವುದಿಲ್ಲ, ಅಲ್ಲಿನವರದೇನೂ ತಪ್ಪಿಲ್ಲ. ಎಂಥ ಊರು! ತೆಂಗು, ಬಿಸಿಲು, ಹಸಿಮೀನಿನ ವಾಸನೆ, ನಮ್ಮಲ್ಲಿರುವಂಥದೇ ಆಟೋಗಳು. ಎಲ್ಲರನ್ನೂ ಬಸ್ಸಿಗೆ ತುಂಬಿದಿರಿ. ಬಸ್ಸು ಹರಳಿನ ಅಂಗಡಿಗೆ ಹೋಯಿತು. ಆಮೇಲೆ ಚಕ್ಕೆ ಲವಂಗದ ಅಂಗಡಿಗೆ ಹೋಯಿತು. ನಡುವೆ ತೆಂಗಿನ ಮರಗಳ ಸಂದಿಯಲ್ಲಿ ಸಮುದ್ರ ಚೂರುಚೂರಾಗಿ ಕಾಣಿಸಿಕೊಂಡಾಗಲೆಲ್ಲ ನಮ್ಮತ್ತೆ ಸೀಟಿನಿಂದ ಎದ್ದು ನಿಲ್ಲುವುದು, ಗೈಡು ‘ಸಿಟ್ ಡೌನ್ ಆಂಟಿ’ ಎನ್ನುವುದು. ಮಾನ್ಯರೇ, ಬೇರೆ ಯಾರಿಗಾದರೂ ತಾವು ಇದನ್ನು ಪ್ರವಾಸ ಎಂದು ನಂಬಿಸಬಹುದು. ನಾನು ಹೆದ್ದಾರಿ ಅಂಗಡಿಯವಳು! ಮೈಸೂರಿಗೆ ಹೋಗುವ ಬಸ್ಸು ‘ಹತ್ತೇ ನಿಮಿಷ’ ಎಂದು ನಮ್ಮ ಬಾಗಿಲಿಗೇ ಬಂದು ಯಾಕೆ ನಿಲ್ಲುತ್ತದೆ, ಡ್ರೈವರಿಗೆ ಟೀ ಬಿಸ್ಕತ್ತಿನ ಜೊತೆ ಇನ್ನೇನು ಸಲ್ಲುತ್ತದೆ, ಟಾಯ್ಲೆಟ್ಟನ್ನು ಅಂಗಡಿಯ ಕಟ್ಟಕಡೆಗೆ ಯಾಕೆ ಕಟ್ಟಿಸಿರುತ್ತೇವೆ, ಇವೆಲ್ಲ ನನಗೆ ಅಂಗೈ ಗೆರೆಯಷ್ಟು ಗೊತ್ತು. ಹರಳಿನ ಅಂಗಡಿಯ ಟಾಯ್ಲೆಟ್ಟು ಹುಡುಕಿಕೊಂಡು ಐದು ಕೋಣೆ ದಾಟಿದಾಗ ನನಗೆ ಸಿಟ್ಟಿಗಿಂತ ಹೆಚ್ಚಾಗಿ ಗೌರವ ಹುಟ್ಟಿತು. ನಾವು ಇನ್ನೂ ಒಂದೇ ಕೋಣೆಯಲ್ಲಿದ್ದೇವೆ.

ಮೂರನೆಯದು ಮರದ ಸಾಮಾನಿನ ಅಂಗಡಿ. ಆನೆಗಳು, ಮುಖವಾಡಗಳು, ಮೀನುಗಳು. ನಾವು ಮಾಡಿದ ತಪ್ಪು ಇಲ್ಲಿದೆ, ಒಪ್ಪಿಕೊಳ್ಳುತ್ತೇನೆ, ಆದರೆ ಇದನ್ನು ಅಶಿಸ್ತು ಎನ್ನಲು ತಮಗೆ ಬಾಯಾದರೂ ಹೇಗೆ ಬಂತು? ನಾವು ಒಳಗೆ ಕಾಲಿಟ್ಟದ್ದೇ ತಡ, ತಮ್ಮದೇ ಹಡಗಿನ ಇನ್ನೂ ಎರಡು ಬಸ್ಸು ಜನ ನುಗ್ಗಿಬಿಟ್ಟರು. ಅಂಗಡಿಯಲ್ಲಿದ್ದವಳು ಒಬ್ಬಳೇ ಹೆಂಗಸು. ಒಂದು ಕಡೆ ಮಗು ಆನೆಯ ಸೊಂಡಿಲು ಹಿಡಿದು ಎಳೆಯುತ್ತಿದೆ, ಇನ್ನೊಂದು ಕಡೆ ಯಾರೋ ಬೆಲೆ ಕೇಳಿ ಉತ್ತರ ಸಿಗದೆ ಹೊರಟಿದ್ದಾರೆ. ಗಿರಾಕಿ ಬೆನ್ನು ತಿರುಗಿಸಿ ಹೋಗುವುದನ್ನು ನೋಡಿಕೊಂಡು ಸುಮ್ಮನೆ ನಿಲ್ಲಲು ಚನ್ನಪಟ್ಟಣದ ಅಂಗಡಿಯವರ ಕೈಲಾಗುತ್ತದೆಯೇ? ನೋಡನೋಡುತ್ತಲೇ ದಿಲ್ಶಾದಕ್ಕ ಕೌಂಟರಿನ ಆಚೆ ಹೋಗಿದ್ದಳು. “ಆಯಿಯೇ ಮೇಡಂ, ದೇಖಿಯೇ, ದೇಖ್ನೇ ಕಾ ಪೈಸಾ ನಹೀಂ!” ಬನ್ನಿ, ನೋಡಲು ದುಡ್ಡಿಲ್ಲ ಎಂಬ ನಮ್ಮ ರಸ್ತೆಯ ಹಳೇ ಮಾತೇ. ನನಗೇ ಗೊತ್ತಿಲ್ಲದೆ ನನ್ನ ಕೈಗೆ ಧೂಳು ಹೊಡೆಯುವ ಬಟ್ಟೆ ಬಂದಿತ್ತು, ಆನೆಗಳ ಬೆನ್ನೊರೆಸುತ್ತಿದ್ದೆ. ನಮ್ಮತ್ತೆ ಬಾಗಿಲಲ್ಲೊಂದು ಸ್ಟೂಲು ಕಂಡವರೇ ಕೂತುಬಿಟ್ಟರು. ಒಬ್ಬಳು ಬಿಳಿ ಹೆಂಗಸು ಪುಟ್ಟ ಆನೆ ಹಿಡಿದು ಹಿಂದೆಮುಂದೆ ನೋಡುತ್ತಿದ್ದಳು. “ತಗಳವ್ವ, ಮಗೀಗ್ ಆಯ್ತದೆ, ಸಂದಾಗದೆ” ಅಂದರು ಅತ್ತೆ. ಆಕೆಗೆ ಏನು ಅರ್ಥವಾಯಿತೋ, ಎರಡು ತೆಗೆದುಕೊಂಡಳು!

ಮಧ್ಯಾಹ್ನದ ಮೇಲೆ, ಬೆಳಗಿನ ಗೈಡಿನ ಬದಲು ತಾವು ಕಳಿಸಿದ್ದ ಹೊಸ ಗೈಡು ಬಾಗಿಲಲ್ಲಿ ಇಣುಕಿ “ಎಲ್ಲರೂ ಬಸ್ಸಿಗೆ ಬನ್ನಿ” ಎಂದು ಕೂಗಿದ. ನನ್ನ ಕೈಯಲ್ಲಿ ಬಟ್ಟೆ, ದಿಲ್ಶಾದಕ್ಕನ ಕೈಯಲ್ಲಿ ಪೊಟ್ಟಣ ಕಟ್ಟುವ ಕಾಗದ. ನಾವು ಅಂಗಡಿಯವರೆಂದುಕೊಂಡ. ಸ್ಟೂಲಿನ ಮೇಲಿದ್ದ ಅತ್ತೆಯನ್ನು ಯಜಮಾನತಿ ಎಂದುಕೊಂಡು ಕೈಮುಗಿದು ಹೊರಟೇಹೋದ. ತಲೆ ಎಣಿಸಬೇಕಾದವನು ಎಣಿಸದೆ ಕೈಮುಗಿದರೆ ಅದು ಯಾರ ಅಶಿಸ್ತು? ಗದ್ದಲ ಇಳಿದಮೇಲೆ ನಾವು ಹೊರಗೆ ಬಂದು ನೋಡಿದರೆ ಬಸ್ಸಿಲ್ಲ, ರಸ್ತೆಯಲ್ಲಿ ಒಂದು ನಾಯಿ ಮಲಗಿದೆ.

ದಿಲ್ಶಾದಕ್ಕ “ಯಾ ಅಲ್ಲಾ!” ಎಂದು ತಲೆಮೇಲೆ ಕೈಹೊತ್ತಳು. ಅಂಗಡಿಯ ಹೆಂಗಸು ಮಾತ್ರ ನಮ್ಮ ಕೈ ಹಿಡಿದುಕೊಂಡು, ನೀವು ದೇವರು ಕಳಿಸಿದವರು, ಹಡಗು ಹೊರಡಲು ಇನ್ನೂ ಹೊತ್ತಿದೆ, ನನ್ನ ಗಂಡನ ಆಟೋದಲ್ಲಿ ಬಿಡುತ್ತೇನೆ ಎಂದು ತಮಿಳಿನಲ್ಲಿ ಒಂದೇ ಸಮನೆ ಹೇಳುತ್ತಿದ್ದಳು. ನಮ್ಮ ರಸ್ತೆಯಲ್ಲಿ ತಮಿಳುನಾಡಿನ ಬಸ್ಸುಗಳೂ ನಿಲ್ಲುತ್ತಿದ್ದುದರಿಂದ ನನಗೂ ಮುರುಕು ತಮಿಳು ಬರುತ್ತದೆ. ಗೊತ್ತಿದ್ದ ತಮಿಳನ್ನೆಲ್ಲ ಕೂಡಿಸಿ ಒಂದೇ ಮಾತು ಕೇಳಿದೆ: ಸಮುದ್ರ ಎಷ್ಟು ದೂರ? ಅವಳು ನನ್ನ ಮುಖ ನೋಡಿ ಜೋರಾಗಿ ನಕ್ಕಳು. ನಮ್ಮನ್ನು ಟಾಯ್ಲೆಟ್ಟಿನ ಪಕ್ಕದಿಂದ ಕರೆದುಕೊಂಡು ಹೋಗಿ ಹಿಂಬಾಗಿಲು ತೆರೆದಳು.

ಅಲ್ಲೇ ಇತ್ತು! ಬಾಗಿಲಿನಾಚೆ ಮರಳು, ಮರಳಿನಾಚೆ ಸಮುದ್ರ. ಇನ್ಯಾವುದೋ ಬಸ್ಸಿನ ಡ್ರೈವರು ಗಾಡಿಯನ್ನು ಪಕ್ಕದ ತೆಂಗಿನ ತೋಪಿನಲ್ಲಿ ನಿಲ್ಲಿಸಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಬರಿಗಾಲನ್ನು ಮರಳಿನಲ್ಲಿ ಹೂತು, ಟೀ ಕುಡಿಯುತ್ತಿದ್ದ. ಮಾನ್ಯರೇ, ತಾವು ಹಡಗಿನಲ್ಲಿ ಅಷ್ಟು ಜನರನ್ನು ಕರೆತಂದ ಆ ದಿನ ಸಮುದ್ರ ಅನುಭವಿಸುತ್ತಿದ್ದವನು ಅವನೊಬ್ಬನೇ, ಅವನು ತಮ್ಮ ಪ್ರಯಾಣಿಕನೇ ಅಲ್ಲ!

ನಮ್ಮತ್ತೆ ಓಡಿದರು. ಬಸ್ಸು ಹತ್ತಲು ನನ್ನ ಭುಜ ಹಿಡಿಯುವವರು ಓಡಿದರು. ಕಾಲು ನೆನೆಸಿಕೊಂಡು ನಿಲ್ಲುತ್ತಾರೆ ಎಂದುಕೊಂಡೆ. ಸೀದಾ ಹೋಗಿ ನೀರಿನಲ್ಲಿ ಕೂತರು. ಒಂದು ಅಲೆ ಬಂದು ಎದೆಯವರೆಗೆ ಹೊಡೆಯಿತು. “ಒಸಿ ತಡ್ಯೇ, ಮನೇಗ್ ಬಂದೋರ್ ಮ್ಯಾಲೆ ಹಿಂಗಾ ಬೀಳಾದು!” ಎಂದು ಅದಕ್ಕೇ ಗದರಿದರು. ಬೊಗಸೆಯಲ್ಲಿ ನೀರೆತ್ತಿ ಬಾಯಿಗೆ ಹಾಕಿಕೊಂಡು ಮುಖ ಕಿವುಚಿದರು. “ಅಯ್ಯೋ ಭಾನು, ಇವ್ರ್ ಮನೇಲಿ ಏಟೊಂದ್ ಉಪ್ಪು ತಿಂತಾರೆ ಕಣೆ! ನಮ್ ಹೆಣ್ಣು ಹೆಂಗ್ ಬಾಳ್ತಾಳೋ!” ಅದಕ್ಕೇ ಬೆಲ್ಲವನ್ನು ಮೊದಲು ಹಾಕಿದರು. ಆಮೇಲೆ ಅಕ್ಕಿ, ಅರಿಶಿನ, ಕುಂಕುಮ, ಕೊನೆಗೆ ಮುಕ್ತಿಯಾರನ ಕೆಂಪು ಹಳದಿ ಬಳೆಗಳು. ದಿಲ್ಶಾದಕ್ಕ ಬುರ್ಖಾ ಎತ್ತಿ ಹಿಡಿದು ಮೊಳಕಾಲುದ್ದ ನೀರಿನಲ್ಲಿ ಕುಣಿಯುತ್ತಿದ್ದಳು. ನಾನು ನಗುತ್ತಿದ್ದೆ, ಅಳುತ್ತಿದ್ದೆ, ಕಣ್ಣಲ್ಲಿದ್ದ ಉಪ್ಪು ನನ್ನದೋ ಸಮುದ್ರದ್ದೋ ಗೊತ್ತಾಗುತ್ತಿರಲಿಲ್ಲ. ಅಷ್ಟು ಸಂತೋಷವನ್ನು ನಾನು ಮದುವೆಯಲ್ಲೂ ಪಟ್ಟಿರಲಿಲ್ಲ. ಜಯಕುಮಾರ್ ಇದನ್ನು ಓದಿದರೆ ಓದಲಿ.

ಆಗ ಒಂದು ಅಲೆ ಬಂದು ಕೆಂಪು ಬಳೆಯೊಂದನ್ನು ತಂದು ಅತ್ತೆಯ ಮಡಿಲಿಗೇ ಹಾಕಿತು. ಮರದ ಬಳೆ ತೇಲುತ್ತದೆ, ಅಲೆ ದಡಕ್ಕೆ ತಳ್ಳುತ್ತದೆ, ಅದು ನನಗೂ ಗೊತ್ತು. ಆದರೆ ಅತ್ತೆ ಎರಡೂ ಕೈಯಲ್ಲಿ ಆ ಬಳೆ ಹಿಡಿದು, “ವಾಪಸ್ ಕೊಟ್ಳು ಕಣ್ರೇ! ಸಂದಾಗವ್ಳೆ, ನಮ್ ಹೆಣ್ಣು ಸಂದಾಗವ್ಳೆ!” ಎಂದು ದಡವೆಲ್ಲ ಕೇಳುವಂತೆ ಕೂಗಿದಾಗ ನನಗೆ ಬೇರೆ ಏನೂ ಗೊತ್ತಿರಬೇಕೆನಿಸಲಿಲ್ಲ. ದಿಲ್ಶಾದಕ್ಕ ಬಳೆ ಕಿತ್ತುಕೊಂಡು ಬಿಸಿಲಿಗೆ ಹಿಡಿದು, “ನೋಡಮ್ಮಾ, ಒಂಚೂರು ಬಣ್ಣ ಬಿಟ್ಟಿಲ್ಲ! ಇಷ್ಟು ಉಪ್ಪಲ್ಲಿ!” ಎಂದು ತಮ್ಮನ ಕೆಲಸ ಹೊಗಳಿಕೊಂಡಳು. ವ್ಯಾಪಾರಸ್ಥರು ನಾವು, ಅದು ಎಲ್ಲಿಯೂ ಬಿಟ್ಟುಹೋಗುವುದಿಲ್ಲ.

ಆಮೇಲಿನದು ತಮಗೆ ಗೊತ್ತೇ ಇದೆ. ನೀರಿಂದ ಎದ್ದು ಬರಲು ಅತ್ತೆ ಒಪ್ಪಲಿಲ್ಲ, ಹೊತ್ತಾಯಿತು. ಸೀರೆಯಿಂದ ನೀರು ಸುರಿಯುತ್ತಾ ಆಟೋದಲ್ಲಿ ಬಂದರಿಗೆ ಬಂದು, ಹೊತ್ತು ಮೀರಿದರೂ ನಮಗಾಗಿ ಎತ್ತದೆ ಇಟ್ಟಿದ್ದ ಏಣಿಯನ್ನು ಓಡಿ ಹತ್ತಿದೆವು. ಮೇಲೆ ನಿಂತಿದ್ದ ಜನ ಚಪ್ಪಾಳೆ ತಟ್ಟಿದರು, ತಾವು ಮೈಕು ಎತ್ತಿಕೊಂಡಿರಿ. ತಮ್ಮ ಮಾತನ್ನು ನಾನು ಕನ್ನಡ ಮಾಡಿ ಹೇಳಿದಾಗ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: “ಅವ್ರೂ ಪಾಪ ಮುಟ್ಟಿಲ್ವಾ ನೀರ?”

ಅದನ್ನೇ ನಾನೂ ಕೇಳುತ್ತೇನೆ. ಮಾನ್ಯರೇ, ತಾವು ಕೊನೆಯ ಸಲ ಸಮುದ್ರಕ್ಕೆ ಕಾಲಿಟ್ಟದ್ದು ಯಾವಾಗ? ನಿಲ್ಲುವುದು ಎಂದರೇನೆಂದು ನಮ್ಮನ್ನು ಕೇಳಿ. ಹೊಸ ರಸ್ತೆ ಊರಿನ ಹೊರಗಿನಿಂದ ಹೋದಮೇಲೆ ನಮ್ಮ ಬಾಗಿಲಲ್ಲಿ ಬಸ್ಸುಗಳು ನಿಲ್ಲುವುದೇ ಅಪರೂಪ. ನಿಂತವರಿಗೆ ಈಗ ನಾನು ಬೊಂಬೆ ಮಾರುವ ಮೊದಲು ಹಿಂದಿನ ಬಾಗಿಲು ತೆರೆದು ಮುಕ್ತಿಯಾರ್ ಬಣ್ಣ ಹಾಕುವುದನ್ನು ತೋರಿಸುತ್ತೇನೆ. ಇದು ತಮ್ಮ ಹಡಗಿನಿಂದಲೇ ಕಲಿತ ಪಾಠ, ಅದಕ್ಕೆ ಕೃತಜ್ಞತೆಗಳು. ತಾವೂ ಒಂದು ಕೆಲಸ ಮಾಡಿ. ದಡಕ್ಕಿಳಿದ ಜನರನ್ನು ಮೊದಲು ಮರಳಿಗೆ ಕರೆದುಕೊಂಡು ಹೋಗಿ, ಕಾಲು ನೆನೆದಮೇಲೆ ಬೇಕಾದಷ್ಟು ಅಂಗಡಿ ತೋರಿಸಿ. ಒದ್ದೆ ಕಾಲಿನ ಗಿರಾಕಿ ಖುಷಿಯಿಂದ ಕೊಳ್ಳುತ್ತಾನೆ, ನನ್ನ ಮಾತು ನಂಬಿ. ಮತ್ತು ‘ಅಶಿಸ್ತು’ ಎಂಬ ಮಾತನ್ನು ಅದೇ ಮೈಕಿನಲ್ಲಿ ವಾಪಸು ತೆಗೆದುಕೊಳ್ಳಿ, ಈ ಸಲ ಕನ್ನಡದಲ್ಲೂ.

ಹೆಣ್ಣು ಕೊಟ್ಟಮೇಲೆ ಒಂದೇ ಸಲ ನೋಡಿ ಬಿಡುವುದುಂಟೇ? ಮುಂದಿನ ವರ್ಷಕ್ಕೆಂದು ಅತ್ತೆ ಈಗಲೇ ಮುಕ್ತಿಯಾರನಿಗೆ ಹಸಿರು ಬಳೆ ಹೇಳಿಬಿಟ್ಟಿದ್ದಾರೆ, ಬೆಲ್ಲ ಮಾತ್ರ ಈ ಸಲ ಜಾಸ್ತಿ ಬೇಕಂತೆ. ತಾವು ಕಾರ್ಯಕ್ರಮ ಬದಲಾಯಿಸದಿದ್ದರೂ ನಾವು ಬರುತ್ತೇವೆ. ನಮ್ಮನ್ನು ಯಾವುದಾದರೂ ಅಂಗಡಿಯ ಮುಂದೆ ಇಳಿಸಿ ಸಾಕು, ಹಿಂಬಾಗಿಲು ನಾವೇ ಹುಡುಕಿಕೊಳ್ಳುತ್ತೇವೆ.

ಇಂತಿ,
ಒಂದು ಕಾಲಿನ ಚಪ್ಪಲಿಯನ್ನು ಬೀಗರ ಮನೆಯಲ್ಲೇ ಬಿಟ್ಟುಬಂದ
ಅಶಿಸ್ತಿನ ಮಹಿಳೆ,
ಭಾನುಪ್ರಿಯ
ಬೊಂಬೆ ಅಂಗಡಿ, ಹಳೇ ಹೆದ್ದಾರಿ, ಚನ್ನಪಟ್ಟಣ
(ಈ ಕಡೆ ಬಂದರೆ ಗಾಡಿ ನಿಲ್ಲಿಸಿ, ನೋಡಲು ದುಡ್ಡಿಲ್ಲ)