ಸ್ವಲ್ಪ ಕುರಿಗಳ ಸುದ್ದಿ

ಮಂಗಳವಾರ, ಡಿಸೆಂಬರ್ 9. ಬಬ್ಬೂರು.

ಸಾರು ಸೀದುಹೋಯಿತು. ಚಳಿಗೆ ಕಂಬಳಿ ತೆಗೆಯೋಣವೆಂದು ಟ್ರಂಕು ತೆರೆದವಳು, ತಳಕ್ಕೆ ಹಾಸಿದ್ದ ಹಳೇ ಪತ್ರಿಕೆ ಓದುತ್ತಾ ಕೂತುಬಿಟ್ಟೆ.

ನನ್ನ ಮದುವೆಯಾದ ವರ್ಷದ್ದು. ‘ಇನ್ನು ಮುಂದೆ ಕರೆಂಟ್ ಹೋಗದು’ ಎಂಬ ಭರವಸೆಯನ್ನು ಮೊಬೈಲ್ ಬೆಳಕಿನಲ್ಲಿ ಓದಿದೆ. ‘ಹೊಳಲ್ಕೆರೆಯಲ್ಲಿ ಚಿರತೆ, ಜನ ತತ್ತರ’. ಕೆಳಗಿನ ಫೋಟೊದಲ್ಲಿ ಆ ಜನ ಹಲ್ಲು ಕಿರಿದು ನಿಂತಿದ್ದಾರೆ. ಮೂಲೆಯಲ್ಲಿ ನಮ್ಮದೇ ಸುದ್ದಿ: ‘ಹಿರಿಯೂರು: ಸ್ವಲ್ಪ ಕುರಿಗಳಿಂದ ಹೆದ್ದಾರಿ ಬಂದ್’.

ಎಷ್ಟು ಕುರಿ ಎಂದು ವರದಿಗಾರ ಅವತ್ತು ನಮ್ಮ ಮಾವನನ್ನು ಕೇಳಿದ್ದ. ಲೆಕ್ಕ ಹೇಳಿದರೆ ಮಂದೆಗೆ ದೃಷ್ಟಿಯಾಗುತ್ತದೆ ಎನ್ನುವವರು ಮಾವ. "ಅವೆ ಸ್ವಲ್ಪ" ಎಂದರು. ಪುಣ್ಯಾತ್ಮ ಹಾಗೇ ಅಚ್ಚು ಹಾಕಿಸಿದ. ಸ್ವಲ್ಪ ಕುರಿಗಳಿಗೆ ಮಧ್ಯಾಹ್ನದವರೆಗೂ ಲಾರಿಗಳು ನಿಂತಿದ್ದವಂತೆ!

ಓದಿ ಹೇಳಿದೆ. ಮಾವ ಕೆಮ್ಮು ಬರುವಷ್ಟು ನಕ್ಕರು.

"ಈಗಾದ್ರೂ ಹೇಳ್ರಿ ಮಾವ, ಅವತ್ತು ಎಷ್ಟಿದ್ವು?"

ನಗು ನಿಂತಿತು. ಬಾಗಿಲ ಕಡೆ ನೋಡಿದರು.

"ಮೆಲ್ಲಕೆ ಮಾತಾಡು ಯಶೋದಾ. ಅವುಗಳ ಮೊಮ್ಮಕ್ಕಳು ರೊಪ್ಪದಾಗೆ ಅವೆ."

ಸಂಜೆ ಕುರಿಗಳನ್ನು ರೊಪ್ಪಕ್ಕೆ ಕೂಡುವಾಗ ನಾನು ಎಣಿಸಿದ್ದೆ. ಯಾರೂ ಓದದ ಈ ಪುಸ್ತಕದಲ್ಲಾದರೂ ಬರೆದಿಡೋಣವೆಂದು ಪೆನ್ನು ಹಿಡಿದೆ. ಈಗ ಕೈ ಬರುತ್ತಿಲ್ಲ.

ಅವೆ ಸ್ವಲ್ಪ.