ಸೋಫಾದಿಂದ ಬಂದ ಬೆಕ್ಕು

ಮಾರ್ಚ್ ೧೧, ಭಾನುವಾರ

ಪ್ರೀತಿಯ ನಿಮಗೆ,

ನಾನು ಕ್ಷೇಮ. ನೀವೂ ಹೊತ್ತು ಹೊತ್ತಿಗೆ ಉಂಡು ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿಮ್ಮ ಕಾಗದ ಬಂದು ಬಹಳ ದಿನವಾಯಿತು, ಉತ್ತರ ತಡವಾದದ್ದಕ್ಕೆ ಬೈಯಬೇಡಿ. ಬೈದರೂ ಸರಿ, ಅಷ್ಟು ದೂರದಿಂದ ನನಗೇನೂ ಕೇಳಿಸುವುದಿಲ್ಲವಲ್ಲ. ಫೋನ್ ಮಾಡಬಹುದಿತ್ತು ಅನ್ನುತ್ತೀರಿ. ಫೋನಿನಲ್ಲಿ ನಾವಿಬ್ಬರೂ "ಊಟ ಆಯ್ತಾ" ದಾಟಿ ಮುಂದೆ ಹೋದದ್ದು ಯಾವಾಗ? ಆಮೇಲೆ ನಿಮ್ಮ ಕಡೆಯಿಂದ ಕ್ರೇನಿನ ಸದ್ದು, ನನ್ನ ಕಡೆಯಿಂದ ಅದೂ ಇಲ್ಲ. ಅದಕ್ಕೇ ಬರೆಯಲು ಕೂತೆ.

ಮೊದಲು ಸುದ್ದಿ. ಮನೆಗೆ ಇನ್ನೊಂದು ಬೆಕ್ಕು ಬಂದಿದೆ. ಸಿಟ್ಟಾಗಬೇಡಿ, ಪೂರ್ತಿ ಓದಿ. ಕಳೆದ ತಿಂಗಳು ನಮ್ಮ ಅಂಗಡಿಗೆ ರಿಪೇರಿಗೆಂದು ಒಂದು ಹಳೇ ಸೋಫಾ ಬಂತು. ಯಾರದೋ ಗ್ಯಾರೇಜಿನಲ್ಲಿ ದೂಳು ತಿನ್ನುತ್ತಾ ಬಿದ್ದಿದ್ದದ್ದು. ಮಗುಚಿ ಹಾಕಿ ಅಡಿಯ ಬಟ್ಟೆ ಕತ್ತರಿಸಿದರೆ, ಒಳಗಿಂದ ಎರಡು ಕಣ್ಣು ನನ್ನನ್ನೇ ನೋಡುತ್ತಿವೆ! ಕತ್ತರಿ ಕೈಯಿಂದ ಜಾರಿಬಿತ್ತು. ಸ್ಪ್ರಿಂಗುಗಳ ನಡುವೆ ಕಾಲು ಸಿಕ್ಕಿಸಿಕೊಂಡ ಬೀದಿಬೆಕ್ಕು, ಬರೀ ಮೂಳೆ ಚಕ್ಕಳ.

"ನಮಗೆ ಕೊಟ್ಟಿರೋದು ಸೋಫಾ ರಿಪೇರಿ ಅಷ್ಟೇ ಕಣಮ್ಮಾ. ಆಚೆ ಬಿಟ್ಟುಬಾ" ಅಂದರು ಮಾಲೀಕರು. ಬಿಡಲು ಹೋದೆ, ಹಿಂಗಾಲು ನೆಲಕ್ಕೆ ಊರಲಾರದು. ಎತ್ತಿಕೊಂಡು ಪ್ರಾಣಿ ಡಾಕ್ಟರ ಹತ್ತಿರ ಓಡಿದೆ. ಹೆಸರು ಸ್ಪ್ರಿಂಗ್ ಎಂದಿಟ್ಟೆ. ಅದು ಕುಂಟುವುದನ್ನು ನೋಡಿದರೆ ಈ ಹೆಸರು ಯಾಕೆ ಎಂದು ನಗುತ್ತೀರಿ.

"ಮನೇಲಿ ಬೇರೆ ಬೆಕ್ಕಿದ್ಯಾ?" ಕೇಳಿದರು ಡಾಕ್ಟರು. ಇದೆ ಅಂದೆ. "ಹಾಗಾದ್ರೆ ಎದುರಾಬದುರಾ ಬಿಡ್ಬೇಡಿ. ಇದನ್ನ ಬೇರೆ ಕೋಣೇಲಿಟ್ಟು ಬಾಗಿಲು ಹಾಕಿ. ಬಾಗಿಲಿನ ಎರಡೂ ಕಡೆ ಒಂದೊಂದು ತಟ್ಟೆ ಇಡಿ. ಮೊದ್ಲು ವಾಸನೆ ಪರಿಚಯ ಆಗ್ಲಿ, ಆಮೇಲೆ ಮುಖ."

ನಮ್ಮ ಮನೆಯಲ್ಲಿ ಬಾಗಿಲು ಹಾಕುವಂಥ ಕೋಣೆ ಎಲ್ಲಿದೆ ಹೇಳಿ. ನಾವು ಮಲಗುವಲ್ಲಿಗೆ ಪರದೆ, ಅಡುಗೆಮನೆಗೆ ಅದೂ ಇಲ್ಲ. ಉಳಿದದ್ದು ಮಗಳ ಕೋಣೆಯೊಂದೇ. ಅವಳು ಜ್ವರದಲ್ಲಿ ತೀರಿಕೊಂಡ ಮೇಲೆ ನಾನು ಹಾಕಿದ ಬೀಗ ಹಾಕಿದ ಹಾಗೇ ಇತ್ತು. "ಆ ಬೀಗ ನೋಡ್ತಾ ಆ ಮನೇಲಿ ನನಗೆ ಉಸಿರಾಡೋಕಾಗಲ್ಲ. ಕೋಣೆ ತೆಗೆದು ಬಳಸೋಕೆ ಶುರು ಮಾಡು, ಬರ್ತೀನಿ" ಎಂದು ಹೇಳಿ ತಾನೇ ನೀವು ಸೇತುವೆ ಕೆಲಸಕ್ಕೆ ಹೊರಟದ್ದು? ಈ ಕುಂಟ ಬೆಕ್ಕು ನನಗೊಂದು ನೆಪವಾಯಿತು. ಬೀಗ ತೆಗೆದೆ. ಎರಡು ಬೆಕ್ಕೂ ಒಂದೇ ತಟ್ಟೆಯಲ್ಲಿ ತಿನ್ನುವ ದಿನ ನಿಮಗೆ "ಬನ್ನಿ" ಎಂದು ಬರೆಯಬೇಕು ಎಂದು ಮನಸ್ಸಿನಲ್ಲೇ ಮಂಡಿಗೆ ತಿಂದೆ.

ನಮ್ಮ ಹಳೇ ಬೆಕ್ಕು ದೊರೆಸಾನಿಯ ವಿಷಯ ನಿಮಗೆ ಗೊತ್ತಲ್ಲ. ಮಗಳು ಹೋದಾಗಿನಿಂದ ಅವಳಿಗೆ ಊಟ ಅಷ್ಟಕ್ಕಷ್ಟೇ, ಫ್ರಿಜ್ಜಿನ ಮೇಲೆ ಮುಖ ಊದಿಸಿಕೊಂಡು ಕೂತರೆ ಕರೆದರೂ ಬರುವವಳಲ್ಲ. ಸ್ಪ್ರಿಂಗ್ ಬಂದ ಮೇಲೆ ಒಂದು ಬೆಳಿಗ್ಗೆ ದಢಾರನೆ ಕೆಳಗೆ ಹಾರಿದಳು! ಕೋಣೆಯ ಬಾಗಿಲ ಮುಂದೆ ಬಾಲ ಎತ್ತಿ ಕೂತು, ಗುರುಗುರು ಎನ್ನುತ್ತಾ, ತಟ್ಟೆಯಲ್ಲಿದ್ದದ್ದನ್ನೆಲ್ಲ ನೆಕ್ಕಿ ಮುಗಿಸಿದಳು. ದಿನಾ ಅದೇ. ನಾನು ಊಟ ಕೊಡಲು ಒಳಗೆ ಹೋಗುವಾಗ ನುಗ್ಗುತ್ತಿದ್ದಳು, ಕಾಲಿನಲ್ಲಿ ತಡೆಯಬೇಕಾಗುತ್ತಿತ್ತು. ಮೈ ತುಂಬಿಕೊಂಡಳು, ತುಪ್ಪಳಕ್ಕೆ ಹೊಳಪು ಬಂತು. ನನಗೋ ಸಂತೋಷವೇ ಸಂತೋಷ. ಡಾಕ್ಟರಿಗೆ ಹೇಳಿದರೆ ಅವರೂ ಖುಷಿಪಟ್ಟರು. "ಇಷ್ಟು ಬೇಗ ಒಪ್ಪಿಕೊಳ್ತಾ? ಪುಣ್ಯವಂತರು ಕಣ್ರೀ ನೀವು. ಇನ್ನು ಬಾಗಿಲು ತೆಗೀರಿ" ಅಂದರು.

ತೆಗೆದೆ. ದೊರೆಸಾನಿ ಓಡಿ ಒಳಗೆ ಹೋದಳು. ಎದುರಿಗೇ ನಿಂತಿದ್ದ ಸ್ಪ್ರಿಂಗನ್ನು ಕಣ್ಣೆತ್ತಿಯೂ ನೋಡಲಿಲ್ಲ ರೀ. ಬುಸುಗುಟ್ಟಿದ್ದರೂ, ಜಗಳ ಆಡಿದ್ದರೂ ವಾಸಿಯಿತ್ತು. ಹಾಸಿಗೆ ಹತ್ತಿ ದಿಂಬು ಮೂಸಿದಳು. ಮೇಜಿನ ಕೆಳಗೆ, ಪರದೆಯ ಹಿಂದೆ, ಅರೆತೆರೆದ ಬೀರುವಿನೊಳಗೆ, ಮತ್ತೆ ಹಾಸಿಗೆಯ ಮೇಲೆ. ಆಮೇಲೆ ಕೋಣೆಯ ನಡುವೆ ನಿಂತು ಒಂದು ದನಿ ತೆಗೆದಳು, ಆ ದನಿ ಅವಳಿಂದ ನಾನು ಯಾವತ್ತೂ ಕೇಳಿರಲಿಲ್ಲ.

ಆಗ ನನ್ನ ದಡ್ಡ ತಲೆಗೆ ಹೊಳೆಯಿತು. ಸ್ಪ್ರಿಂಗ್ ಹೊರಗೆ ಬರಲು ದಿನಾ ಒಳಗಿಂದ ಬಾಗಿಲು ಕೆರೆಯುತ್ತಿತ್ತು, ದೊರೆಸಾನಿ ಹೊರಗಿಂದ ಕೆರೆಯುತ್ತಿದ್ದಳು. ಮಗಳು ಬೆಳಿಗ್ಗೆ ಎದ್ದ ಕೂಡಲೇ ಉಗುರಿನಲ್ಲಿ ಒಳಗಿಂದ ಬಾಗಿಲು ಕೆರೆಯುತ್ತಿದ್ದದ್ದು, ಇವಳು ಉತ್ತರ ಕೊಡುತ್ತಿದ್ದದ್ದು, ಬಣ್ಣ ಹೋಗುತ್ತದೆಂದು ನೀವು ಇಬ್ಬರಿಗೂ ಗದರುತ್ತಿದ್ದದ್ದು ನೆನಪಿದೆಯಲ್ಲ? ಇವಳು ಒಪ್ಪಿಕೊಂಡದ್ದು ಹೊಸ ಬೆಕ್ಕನ್ನಲ್ಲ. ಅಷ್ಟು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದು ಮಗಳಿಗಾಗಿ. ಒಂದು ಮೂಕಪ್ರಾಣಿಗೆ ಆಸೆ ಹುಟ್ಟಿಸಿ ಕೊಂದೆನಲ್ಲ.

ಅಂದಿನಿಂದ ದೊರೆಸಾನಿ ಏನೂ ಮುಟ್ಟುತ್ತಿಲ್ಲ. ಸ್ಪ್ರಿಂಗ್ ಪಾಪ, ಕುಂಟುತ್ತಾ ಹತ್ತಿರ ಹೋಗಿ ಮಲಗುತ್ತದೆ. ಇವಳು ಎದ್ದು ಬೇರೆ ಕಡೆ ಹೋಗುತ್ತಾಳೆ. ಮೊನ್ನೆ ಅವಳಿಗೆ ಡ್ರಿಪ್ ಹಾಕಿಸಿಕೊಂಡು ಬಂದೆ. "ಹೊಸದನ್ನ ಯಾರಿಗಾದ್ರೂ ಕೊಟ್ಟುಬಿಡಿ. ನನ್ನ ತಂಗೀನೇ ಸಾಕ್ತಾಳೆ. ಆಗ್ಲಾದ್ರೂ ಇವಳು ತಿಂದಾಳೇನೋ. ಆದ್ರೆ ನಂಬಿಕೆ ಇಟ್ಕೋಬೇಡಿ" ಅಂದರು ಡಾಕ್ಟರು. ಅವರ ಮುಖ ನೋಡಿದರೆ ಕೈಚೆಲ್ಲಿದ ಹಾಗೇ ಕಂಡಿತು.

"ಬನ್ನಿ" ಎಂದು ಬರೆಯಲು ತಂದಿಟ್ಟ ಕಾಗದ ಇದು. ಹಾಗೆ ಬರೆಯಲು ಕೈಬರುತ್ತಿಲ್ಲ ನನಗೆ. ಕೋಣೆ ತೆಗೆದಿದ್ದೇನೆ, ಅಷ್ಟೇ ನಿಜ. ನೀವು ಬಂದರೂ ನೋಡುವಂಥದ್ದು ಇಲ್ಲಿ ಏನೂ ಇಲ್ಲ. ಕ್ರೇನ್ ಹತ್ತುವಾಗ ಜೋಪಾನ. ಗಾಳಿ ಜೋರಿದ್ದರೆ ಇಳಿದುಬಿಡಿ, ಮೇಸ್ತ್ರಿ ಬೈದರೆ ಬೈಯಲಿ. ಮಂಡಿನೋವಿಗೆ ಎಣ್ಣೆ ಹಚ್ಚಿಕೊಳ್ಳಿ. ಎಲ್ಲಿದ್ದರೂ ನೂರು ಕಾಲ ಬಾಳಿ.

ನಿಮ್ಮವಳು

ತಾ.ಕ.: ಸ್ಪ್ರಿಂಗನ್ನು ಕೊಡುತ್ತೇನೆ ಎಂದು ಡಾಕ್ಟರಿಗೆ ಹೇಳಿ ಬಂದೆ. ಕೊಟ್ಟಿಲ್ಲ. ಕಾಲು ವಾಸಿಯಾಗಲಿ ಎಂದು ನೆಪ ಹೇಳುತ್ತಿದ್ದೇನೆ, ಇಲ್ಲಿ ದೊರೆಸಾನಿಯ ಪಕ್ಕೆಲುಬು ಎಣಿಸಬಹುದು. ದಿನಾ ಸಂಜೆ ಕೆಲಸದಿಂದ ಬಂದವಳೇ ಸ್ಪ್ರಿಂಗನ್ನು ಆ ಕೋಣೆಗೆ ಹಾಕಿ ಬಾಗಿಲು ಮುಚ್ಚುತ್ತೇನೆ. ಈಗ ಮುಚ್ಚುವ ಅಗತ್ಯವೇನೂ ಇಲ್ಲ. ಹೊರಗೆ ಗೋಡೆಗೆ ಒರಗಿ ಕೂರುತ್ತೇನೆ. ಅದು ಕೆರೆಯಲು ಶುರುಮಾಡುತ್ತದೆ. ದೊರೆಸಾನಿ ಆ ಕಡೆ ತಿರುಗಿಯೂ ನೋಡುವುದಿಲ್ಲ. ನಾನೇ "ಬಂದೆ ಕಣೇ, ಇರು" ಅನ್ನುತ್ತೇನೆ. ಹಾಗೆ ಅಂದೂ ಏಳದೆ ಕೂತಿರುತ್ತೇನೆ. ತೆಗೆದರೆ ಬರುವುದು ಬೆಕ್ಕು.